ಏರಿನಲ್ಲಿ ಸಿಕ್ಕ ಚಿತ್ರಗಳು: ರಿಕೊ ಜಿಆರ್ 3 ಜೊತೆ ಮಂಗಳೂರಿನಲ್ಲಿ ಒಂದು ವರ್ಷದ ಓಟ

ಮಂಗಳೂರಿನಲ್ಲಿ ಓಡುವವರಿಗೆ ಊರಿನ ಹೆಸರುಗಳೇ ದಾರಿ ಹೇಳುತ್ತವೆ. ಹೆಸರಿನ ಕೊನೆಗೆ ಗುಡ್ಡ, ಗುಡ್ಡೆ, ಪದವು ಅಂತ ಬಂದರೆ ಹತ್ತಬೇಕು. ಬೈಲ್ ಅಂತ ಬಂದರೆ ಇಳಿಯಬೇಕು. ಮಣ್ಣಗುಡ್ಡ, ಬಾವುಟಗುಡ್ಡೆ, ಗೋರಿಗುಡ್ಡ, ಕೊಡಿಯಾಲ್‌ಬೈಲ್. ಹಿಂದಿನವರು ಎಷ್ಟು ಸರಿಯಾಗಿ ಹೆಸರಿಟ್ಟಿದ್ದಾರೆ ಅಂತ ಕಾಲಿಗೆ ಗೊತ್ತಾಗುತ್ತದೆ. ಸಮತಟ್ಟಾದ ರಸ್ತೆ ಬೇಕಾದರೆ ಹೊಳೆಯ ಬದಿಗೆ ಹೋಗಬೇಕು. ಅಲ್ಲಿಂದ ಮನೆಗೆ ಬರಬೇಕಾದರೆ ಮತ್ತೆ ಹತ್ತಬೇಕು.

ನನ್ನ ಮನೆ ಮಣ್ಣಗುಡ್ಡದಲ್ಲಿ. ವಯಸ್ಸು 43. ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಓಡುತ್ತೇನೆ. ಓಡುವಾಗಲೇ ಫೋಟೊ ತೆಗೆಯುತ್ತೇನೆ. ಎರಡಕ್ಕೂ ಸೇರಿ ನನಗೆ ಸಿಗುವ ಹೊತ್ತು ಅದೊಂದೇ, ಆರರಿಂದ ಏಳೂಕಾಲರವರೆಗೆ. ಆಮೇಲೆ ತಿಂಡಿ, ಮಗನ ಶಾಲೆ, ಬಸ್ಸು, ಡ್ಯೂಟಿ. ಫೋಟೊಗೆ ಬೇರೆ ಹೊತ್ತು ಮಾಡಿಕೊಳ್ಳುತ್ತೇನೆ ಅಂತ ತುಂಬ ವರ್ಷ ಅಂದುಕೊಂಡಿದ್ದೆ. ಆಗಲಿಲ್ಲ. ಹಾಗಾಗಿ ಓಟದೊಳಗೇ ಫೋಟೊಗೆ ಜಾಗ ಮಾಡಬೇಕಾಯಿತು. ಅದಕ್ಕೆಂದೇ ತಗೊಂಡ ಕ್ಯಾಮೆರಾದ ಬಗ್ಗೆ ಈ ಬರಹ. ರಿಕೊ ಜಿಆರ್ 3. ಒಂದು ಪೂರ್ತಿ ಮಳೆಗಾಲವೂ ಸೇರಿ ಒಂದು ವರ್ಷ ನನ್ನ ಜೊತೆ ಇದೆ.

ಮೊದಲು ಫೋನಿನಲ್ಲೇ ಪ್ರಯತ್ನ ಮಾಡಿದೆ. ನಮ್ಮೂರಿನ ಸೆಕೆ ಗೊತ್ತಲ್ವಾ. ಎರಡನೇ ಕಿಲೋಮೀಟರಿಗೆ ಅಂಗೈ ಒದ್ದೆಯಾಗುತ್ತದೆ. ಒದ್ದೆ ಬೆರಳಿನ ಮಾತನ್ನು ಟಚ್ ಸ್ಕ್ರೀನ್ ಸರಿಯಾಗಿ ಕೇಳುವುದಿಲ್ಲ. ಲಾಕ್ ತೆಗೆದು, ಬೆರಳು ಒರೆಸಿ, ಒತ್ತುವಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತವರು ತಿರುವು ದಾಟಿ ಹೋಗಿರುತ್ತಾರೆ. ಒತ್ತಿದರೆ ಒತ್ತಿದ್ದು ಗೊತ್ತಾಗುವಂಥ ಬಟನ್ ಬೇಕು ಅಂತ ಆಗಲೇ ತೀರ್ಮಾನಿಸಿದೆ.

ಮನೆಯಲ್ಲಿ ಒಂದು ದೊಡ್ಡ ಕ್ಯಾಮೆರಾ ಇತ್ತು. ಅದರ ಕಥೆ ಬೇಸರದ್ದು. ಎರಡು ಮಳೆಗಾಲ ಬಟ್ಟೆಯ ಬೀರುವಿನಲ್ಲಿ ಇಟ್ಟಿದ್ದೆ. ತೆಗೆದು ನೋಡಿದಾಗ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಫಂಗಸ್. ರಿಪೇರಿಗೆ ಕೊಟ್ಟೆ. ಎರಡು ತಿಂಗಳು ಇಟ್ಟುಕೊಂಡರು. ಫೋನ್ ಮಾಡಿದಾಗಲೆಲ್ಲ ನಾಳೆ ಅಂದರು. ವಾಪಸ್ ಬಂದಾಗ ಒಂದು ಸ್ಕ್ರೂ ಇರಲಿಲ್ಲ, ಗಾಜಿನ ಮೇಲೆ ಗುರುತು ಹಾಗೇ ಇತ್ತು. ದಿನಾ ಅಗರ್ ತಟ್ಟೆಯಲ್ಲಿ ಫಂಗಸ್ ಬೆಳೆಸಿ ನೋಡುವ ಕೆಲಸ ನನ್ನದು. ಅದಕ್ಕೆ ಏನು ಬೇಕು ಅಂತ ನನಗೆ ಗೊತ್ತಿತ್ತು: ಕತ್ತಲೆ, ಸೆಕೆ, ತೇವ. ನಮ್ಮ ಬೀರುವಿನಲ್ಲಿ ಮೂರೂ ಇತ್ತು. ಗೊತ್ತಿದ್ದೂ ಕಾಪಾಡಲಿಲ್ಲ ಅನ್ನುವ ನೋವು ಇವತ್ತಿಗೂ ಇದೆ.

ಜಿಆರ್ 3 ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ನಾನು ತಗೊಂಡದ್ದು ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಗೆಳತಿಯಿಂದ. ನನ್ನ ಹಳೆ ಸ್ಕೂಟರ್ ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿದೆ. ಬ್ಯಾಟರಿ ಮತ್ತು ಕಾರ್ಡ್ ಸೇರಿ ತೂಕ 257 ಗ್ರಾಂ. ಕಾಲು ಕಿಲೋ ಬಂಗುಡೆ ಕೈಯಲ್ಲಿ ಹಿಡಿದರೆ ಎಷ್ಟೋ ಅಷ್ಟು. ಆದರೆ ಒಳಗಿರುವ ಸೆನ್ಸರ್ ದೊಡ್ಡ ಕ್ಯಾಮೆರಾಗಳಲ್ಲಿ ಇರುವ ಎಪಿಎಸ್-ಸಿ ಅಳತೆಯದ್ದು, 24 ಮೆಗಾಪಿಕ್ಸೆಲ್. ಲೆನ್ಸ್ ಒಂದೇ, ಬದಲಾಯಿಸಲು ಆಗುವುದಿಲ್ಲ, ಜೂಮ್ ಇಲ್ಲ. ಹಳೆ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 28 ಮಿ.ಮೀ. ಲೆನ್ಸಿಗೆ ಸಮನಾದ ಅಗಲ ನೋಟ, ಎಫ್/2.8 (ಎಫ್ ಅಂದರೆ ಬೆಳಕು ಒಳಗೆ ಬರುವ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ). ವ್ಯೂಫೈಂಡರ್ ಇಲ್ಲ, ಫ್ಲ್ಯಾಷ್ ಇಲ್ಲ. ಏನೆಲ್ಲ ಇಲ್ಲ ಅಂತ ಓದಿದಾಗ ಮನಸ್ಸು ಹಿಂದೆ ಸರಿಯಿತು. ಈಗ ಅನಿಸುತ್ತದೆ, ಅಷ್ಟೆಲ್ಲ ಬಿಟ್ಟದ್ದಕ್ಕೇ ಅದು ನನ್ನ ಸೊಂಟದಲ್ಲಿ ಕೂತಿದೆ.

ಈ ಕ್ಯಾಮೆರಾ ಓಡುವವರಿಗೆ ಯಾಕೆ ಸರಿ ಅಂತ ಹೇಳಬೇಕಾದರೆ ಒಂದೇ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದರ ಹೆಸರು ಸ್ನ್ಯಾಪ್ ಫೋಕಸ್.

ಸಾಮಾನ್ಯ ಕ್ಯಾಮೆರಾ ಪ್ರತಿ ಸಲವೂ ಎದುರಿನ ವಸ್ತುವನ್ನು ಹುಡುಕಿ ಫೋಕಸ್ ಮಾಡುತ್ತದೆ. ಬೆಳಗಿನ ಮಂದ ಬೆಳಕಿನಲ್ಲಿ ಆ ಹುಡುಕಾಟಕ್ಕೆ ಹೊತ್ತು ಹಿಡಿಯುತ್ತದೆ. ಇಲ್ಲಿ ಹಾಗಲ್ಲ. ದೂರವನ್ನು ನಾವೇ ಮೊದಲು ಹೇಳಿಡಬಹುದು. 1 ಮೀಟರ್, 1.5, 2, 2.5, ಹೀಗೆ. ಬಟನನ್ನು ಅರ್ಧ ಒತ್ತಿದರೆ ಎಂದಿನಂತೆ ಆಟೊಫೋಕಸ್. ಒಂದೇ ಏಟಿಗೆ ಪೂರ್ತಿ ಒತ್ತಿದರೆ ಹುಡುಕಾಟವೇ ಇಲ್ಲ, ನಾವು ಹೇಳಿಟ್ಟ ದೂರಕ್ಕೆ ಫೋಕಸ್ ಹೋಗಿ ಚಿತ್ರ ಬೀಳುತ್ತದೆ.

ನಾನು ಇಟ್ಟುಕೊಂಡಿರುವುದು ಎಫ್/8, 2.5 ಮೀಟರ್. ಈ ಲೆನ್ಸಿನ ನಿಜವಾದ ಫೋಕಲ್ ಲೆಂತ್ 18.3 ಮಿ.ಮೀ. ಲೆಕ್ಕ ಹಾಕಿ ನೋಡಿದೆ. ಹೀಗಿಟ್ಟರೆ ಸುಮಾರು 1.2 ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಅಂದರೆ ಎರಡು ಹೆಜ್ಜೆ ದೂರದಲ್ಲಿ ನಿಂತವರ ಮುಖವೂ ಸ್ಪಷ್ಟ, ಅವರ ಹಿಂದಿನ ಹೊಳೆಯೂ ಸ್ಪಷ್ಟ. ಶಟರ್ 1/500, ಅಂದರೆ ಸೆಕೆಂಡಿನ ಐನೂರರಲ್ಲಿ ಒಂದು ಪಾಲು. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ, ಆಟೊ, 6400ರವರೆಗೆ. ಈ ಸೆಟ್ಟಿಂಗನ್ನು ಡಯಲ್ ಮೇಲಿನ ಯು1ರಲ್ಲಿ ಉಳಿಸಿದ್ದೇನೆ. ಬೆಲ್ಟಿನಿಂದ ಹೊರಗೆ ತೆಗೆಯುವಾಗಲೇ ಹೆಬ್ಬೆರಳು ಆನ್ ಬಟನ್ ಒತ್ತಿರುತ್ತದೆ. ಒಂದು ಸೆಕೆಂಡಿನೊಳಗೆ ಕ್ಯಾಮೆರಾ ತಯಾರು.

ಸೂರ್ಯ ಹುಟ್ಟುವ ಮೊದಲು ಎಫ್/8ಕ್ಕೆ ಬೆಳಕು ಸಾಲುವುದಿಲ್ಲ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಕಾಣುವಾಗ ಏಳರ ಹತ್ತಿರ. ಆಗ ಎಫ್/2.8ಕ್ಕೆ ಇಳಿಸುತ್ತೇನೆ, ಅದು ಯು2ರಲ್ಲಿದೆ. ಅಲ್ಲಿ ಲೆಕ್ಕ ಬೇರೆ. ಅದೇ 2.5 ಮೀಟರಿಗೆ ಇಟ್ಟರೆ ಸ್ಪಷ್ಟವಾಗಿ ಬರುವುದು ಸುಮಾರು 1.8 ಮೀಟರಿನಿಂದ 4 ಮೀಟರಿನವರೆಗೆ ಮಾತ್ರ. ದೂರದ ಅಂದಾಜು ಕಣ್ಣಿಗೆ ಅಭ್ಯಾಸ ಆಗಬೇಕು. ನಾನು ಮನೆಯ ಜಗಲಿಯಲ್ಲಿ ಟೇಪ್ ಹಿಡಿದು ಎರಡೂವರೆ ಮೀಟರ್ ಗುರುತು ಹಾಕಿ, ವಾರಗಟ್ಟಲೆ ಅಲ್ಲಿಂದ ತುಳಸಿಕಟ್ಟೆಯನ್ನು ನೋಡಿದೆ. ಈಗ ದಾರಿಯಲ್ಲಿ ಯಾರು ಎದುರಾದರೂ ನಮ್ಮ ತುಳಸಿಕಟ್ಟೆಯಷ್ಟು ದೂರಕ್ಕೆ ಬಂದರಾ ಅಂತ ಕಣ್ಣು ಅಳೆಯುತ್ತದೆ.

ದಾರಿಯ ಬಗ್ಗೆ ಹೇಳುತ್ತೇನೆ. ಮಣ್ಣಗುಡ್ಡದಿಂದ ಬೋಳೂರಿಗೆ ಇಳಿದು ಸುಲ್ತಾನ್ ಬತ್ತೇರಿ. ಅಲ್ಲಿಂದ ಬೊಕ್ಕಪಟ್ಣ, ಕುದ್ರೋಳಿ, ಬಂದರು, ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆ. ಮತ್ತೆ ಸ್ಟೇಟ್ ಬ್ಯಾಂಕ್, ಹಂಪನಕಟ್ಟೆ, ಲೈಟ್‌ಹೌಸ್ ಹಿಲ್ ಏರು, ಜ್ಯೋತಿ, ಬಂಟ್ಸ್ ಹಾಸ್ಟೆಲ್, ಲಾಲ್‌ಬಾಗ್, ಮನೆ. ಸುಮಾರು 10 ಕಿ.ಮೀ. ಮೊದಲ ಅರ್ಧ ಇಳಿತ ಮತ್ತು ಸಮತಟ್ಟು. ಎರಡನೇ ಅರ್ಧದಲ್ಲಿ ಊರು ತನ್ನ ಗುಡ್ಡಗಳನ್ನೆಲ್ಲ ಎದುರಿಗೆ ತಂದು ನಿಲ್ಲಿಸುತ್ತದೆ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಕೂತು ಚಿತ್ರಗಳನ್ನೆಲ್ಲ ನೋಡಿದೆ. ಇಟ್ಟುಕೊಳ್ಳುವಂಥವು ಎಲ್ಲಿ ಸಿಕ್ಕಿದ್ದು ಅಂತ ಒಂದು ಹಾಳೆಯಲ್ಲಿ ಗುರುತು ಮಾಡಿದೆ. ದಕ್ಕೆಯ ಚಿತ್ರಗಳನ್ನು ಬಿಟ್ಟರೆ ಹೆಚ್ಚಿನವು ಏರಿನಲ್ಲಿ ಸಿಕ್ಕಿದ್ದವು. ಇಳಿಜಾರಿನಲ್ಲಿ ಹತ್ತಿರ ಹತ್ತಿರ ಏನೂ ಇರಲಿಲ್ಲ. ಯೋಚಿಸಿದರೆ ಕಾರಣ ಸರಳ. ಇಳಿಯುವಾಗ ಕಣ್ಣು ಕಾಲಿನ ಮುಂದಿನ ಮೂರು ಹೆಜ್ಜೆಯ ಮೇಲೆಯೇ ಇರುತ್ತದೆ. ಜಲ್ಲಿ, ಚರಂಡಿಯ ಚಪ್ಪಡಿ, ಇಂಟರ್‌ಲಾಕ್ ಕಲ್ಲಿನ ಮೇಲಿನ ಪಾಚಿ. ಹತ್ತುವಾಗ ವೇಗ ಕಡಿಮೆ. ತಲೆ ತಾನಾಗಿ ಮೇಲೆ ಏಳುತ್ತದೆ. ಗೇಟಿನ ಬಳಿ ಹಾಲಿನ ತೊಟ್ಟೆ ಎತ್ತಿಕೊಳ್ಳುವ ಅಜ್ಜಿ, ಕಾಂಪೌಂಡಿನ ಮೇಲೆ ಕೂತು ಪೇಪರ್ ಓದುವವರು, ಬಸ್ಸಿಗೆ ಕಾಯುವ ನರ್ಸಿಂಗ್ ಹುಡುಗಿಯರು ಎಲ್ಲರೂ ಕಾಣುತ್ತಾರೆ. ನಾನು ಏದುಸಿರು ಬಿಡುತ್ತಾ ಬರುವುದು ಅವರಿಗೂ ಕಾಣುತ್ತದೆ. ಸುಮ್ನೆ ನಿಂತು ಕ್ಯಾಮೆರಾ ಎತ್ತಿದವರನ್ನು ಜನ ನೋಡುವ ರೀತಿಯೇ ಬೇರೆ. ಬೆವರು ಸುರಿಸುತ್ತಾ ಏರು ಹತ್ತುವವಳನ್ನು ನೋಡಿ ನಗುತ್ತಾರೆ. ಆ ನಗು ಚಿತ್ರಕ್ಕೆ ಬರುತ್ತದೆ.

ಆದರೆ ಏರಿನಲ್ಲಿ ಉಸಿರಿನ ಜೊತೆ ಕೈಯೂ ಏರಿಳಿಯುತ್ತದೆ. ಕ್ಯಾಮೆರಾದೊಳಗೆ ಮೂರು ದಿಕ್ಕಿನ ಅಲುಗಾಟ ತಡೆಯುವ ವ್ಯವಸ್ಥೆ ಇದೆ. ನಿಂತು ತೆಗೆಯುವಾಗ ಅದು ಉಪಕಾರಿ. ಓಡುವಾಗ ಅದನ್ನೇ ನಂಬಬೇಡಿ. 1/500 ಬೇಕೇ ಬೇಕು. ಎದುರಿನವರು ಸಹ ನಡೆಯುತ್ತಿರುತ್ತಾರೆ, ಅವರ ಚಲನೆಯನ್ನು ನಿಲ್ಲಿಸಲು ಶಟರ್ ವೇಗದಿಂದ ಮಾತ್ರ ಆಗುತ್ತದೆ. ಉಸಿರು ಪೂರ್ತಿ ಹೊರಗೆ ಹೋದ ಕ್ಷಣದಲ್ಲಿ ಒತ್ತುವುದನ್ನು ಕಲಿತಿದ್ದೇನೆ. ಆಗ ಎದೆ ಒಂದು ಗಳಿಗೆ ನಿಂತಿರುತ್ತದೆ.

ಇನ್ನೊಂದು ಪಾಠ ಕಲಿಯಲು ತುಂಬ ದಿನ ಹಿಡಿಯಿತು. ಏರು ಫೋಟೊದಲ್ಲಿ ಏರಾಗಿ ಕಾಣುವುದಿಲ್ಲ. ಲೈಟ್‌ಹೌಸ್ ಹಿಲ್ ರಸ್ತೆಯ ಕೆಳಗೆ ನಿಂತು ಮೇಲಕ್ಕೆ ಕ್ಯಾಮೆರಾ ಹಿಡಿದು ನೋಡಿ. ಎದೆ ಒಡೆಯುವಂಥ ಏರು ಚಿತ್ರದಲ್ಲಿ ಮೈದಾನದ ರಸ್ತೆಯಂತೆ ಮಲಗಿರುತ್ತದೆ. ಅಗಲದ ಲೆನ್ಸಿನಲ್ಲಿ ಇದು ಇನ್ನೂ ಜಾಸ್ತಿ. ಹತ್ತಾರು ಸಲ ಹೀಗೆ ಆದ ಮೇಲೆ ಗೊತ್ತಾಯಿತು, ಏರಿಗೆ ಸಾಕ್ಷಿ ಬೇಕು. ಮಟ್ಟವಾದ ಏನಾದರೊಂದು ಚೌಕಟ್ಟಿನೊಳಗೆ ಇರಬೇಕು.

ನಮ್ಮೂರಿನಲ್ಲಿ ಆ ಸಾಕ್ಷಿ ಎಲ್ಲ ಕಡೆ ಉಂಟು. ಅದು ಮುರಕಲ್ಲಿನ ಕಾಂಪೌಂಡು. ಇಳಿಜಾರಿನ ರಸ್ತೆಯ ಬದಿಯಲ್ಲಿ ಗೋಡೆ ಕಟ್ಟುವಾಗ ಕೆಂಪು ಕಲ್ಲಿನ ಸಾಲುಗಳನ್ನು ಮಟ್ಟವಾಗಿಯೇ ಇಡುತ್ತಾರೆ. ಗೋಡೆಯ ತಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ರಸ್ತೆಗೆ ಅಡ್ಡಲಾಗಿ ನಿಂತು, ಗೋಡೆಯನ್ನು ಎದುರಿಗೆ ಇಟ್ಟು, ಕ್ಯಾಮೆರಾದ ಪರದೆಯಲ್ಲಿ ಬರುವ ಲೆವೆಲ್ ಗೆರೆ ನೋಡಿ ತೆಗೆದರೆ ಆಯಿತು. ಕಲ್ಲಿನ ಸಾಲು ನೇರ, ರಸ್ತೆ ಓರೆ, ಓರೆಯ ಮೇಲೆ ಸೈಕಲ್ ತಳ್ಳುವವನು. ಆಗ ನೋಡುವವರ ಕಾಲಿಗೂ ಏರು ಮುಟ್ಟುತ್ತದೆ. ಕದ್ರಿಯಲ್ಲಿ ದೇವಸ್ಥಾನದಿಂದ ಮೇಲೆ ಜೋಗಿ ಮಠದ ಕಡೆ ಹೋಗುವ ಮೆಟ್ಟಿಲುಗಳಲ್ಲೂ ಹೀಗೇ. ಮೆಟ್ಟಿಲಿದ್ದರೆ ಎತ್ತರವನ್ನು ಬೇರೆ ಹೇಳಬೇಕಾಗಿಲ್ಲ. ವ್ಯೂಫೈಂಡರ್ ಇಲ್ಲದ್ದು ಇಲ್ಲಿ ಅನುಕೂಲವೇ ಆಯಿತು. ಕ್ಯಾಮೆರಾವನ್ನು ಹೊಟ್ಟೆಯ ಎತ್ತರಕ್ಕೆ ಇಳಿಸಿ, ಪರದೆಯಲ್ಲಿ ಬರೇ ಆ ಗೆರೆಯನ್ನು ನೋಡಿ ತೆಗೆಯುತ್ತೇನೆ. ಬಿಸಿಲು ಏರಿದ ಮೇಲೆ ಪರದೆ ಸರಿಯಾಗಿ ಕಾಣುವುದಿಲ್ಲ, ಅದು ನಿಜ. ನನ್ನ ಹೊತ್ತಿಗೆ ಅಷ್ಟು ಬಿಸಿಲು ಇರುವುದಿಲ್ಲ.

ಬೆಳಕಿನ ದಿಕ್ಕೂ ಇಲ್ಲಿ ವಿಚಿತ್ರ ಚಂದ. ಸಮುದ್ರ ಪಶ್ಚಿಮಕ್ಕೆ. ಹಾಗಾಗಿ ಬೆಳಿಗ್ಗೆ ಹೊಳೆಯ ಬದಿಯಲ್ಲಿ ನಿಂತರೆ ಸೂರ್ಯ ನಮ್ಮ ಬೆನ್ನಿಗೆ, ಗುಡ್ಡಗಳ ಹಿಂದೆ. ದಕ್ಕೆಯಲ್ಲಿ ನಾವು ನೆರಳಿನಲ್ಲಿ ಇರುವಾಗಲೇ ಆಚೆ ದಡದ ಬೆಂಗ್ರೆಯ ಮನೆಗಳ ಮೇಲೆ ಬಿಸಿಲು ಬೀಳುತ್ತದೆ. ಬಿಸಿಲು ನಮ್ಮ ಕಾಲಬುಡಕ್ಕೆ ಬರುವ ಮೊದಲು ಹೊಳೆಯನ್ನು ದಾಟಿ ಹೋಗಿರುತ್ತದೆ. ಆ ಹತ್ತು ಹದಿನೈದು ನಿಮಿಷಕ್ಕಾಗಿ ನಾನು ಎಷ್ಟೋ ದಿನ ಬೇಗ ಎದ್ದಿದ್ದೇನೆ. ಮೀಟರಿಂಗನ್ನು, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ರೀತಿಯನ್ನು, ಹೈಲೈಟ್‌ಗೆ (ಹೆಚ್ಚು ಬೆಳಕಿನ ಭಾಗಕ್ಕೆ) ಒತ್ತು ಕೊಡುವ ಮೋಡ್‌ನಲ್ಲಿ ಇಟ್ಟರೆ ಬೆಂಗ್ರೆಯ ಬೆಳಕು ಹಾಳಾಗುವುದಿಲ್ಲ, ಈಚೆಯ ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು. ಅಷ್ಟು ಎತ್ತಿಕೊಳ್ಳುವ ಶಕ್ತಿ ಈ ಸೆನ್ಸರಿಗೆ ಇದೆ.

ಸುಲ್ತಾನ್ ಬತ್ತೇರಿ ನನಗೆ ನೀರು ಕುಡಿಯುವ ಜಾಗ. ಗುರುಪುರ ಹೊಳೆಯೊಳಗೆ ಯುದ್ಧದ ಹಡಗು ಬರಬಾರದು ಅಂತ 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು. ಗೋಡೆಯ ತುಂಬ ಕೋವಿಗೆಂದು ಬಿಟ್ಟ ಕಿಂಡಿಗಳು. ಒಂದು ಕಿಂಡಿಯಿಂದ ನೋಡಿದರೆ ಹೊಳೆ, ಆಚೆ ತಣ್ಣೀರುಬಾವಿ. ಕಿಂಡಿಯ ಒಳಗಿನ ಕತ್ತಲೆ ಮತ್ತು ಹೊರಗಿನ ದೋಣಿ ಎರಡನ್ನೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ತರಲು ಎಫ್/8ಕ್ಕೆ ಆಗುತ್ತದೆ. ಸೆಟ್ಟಿಂಗ್ ಒಂದನ್ನೂ ಮುಟ್ಟಬೇಕಾಗಿಲ್ಲ.

ಅಗಲದ ಲೆನ್ಸ್ ಅಂದರೆ ಹತ್ತಿರ ಹೋಗಲೇಬೇಕು. ದೂರದಿಂದ ಕದ್ದು ತೆಗೆಯಲು ಇದರಲ್ಲಿ ಆಗುವುದಿಲ್ಲ. ನನಗೆ ಅದು ಇಷ್ಟ. ಎರಡು ಮೀಟರ್ ಹತ್ತಿರ ಹೋದ ಮೇಲೆ ಮಾತಾಡದೆ ಇರಲು ಆಗುವುದಿಲ್ಲ ಅಲ್ವಾ. ದಕ್ಕೆಯಲ್ಲಿ ನನ್ನ ಮೊದಲ ಮಾತು ಯಾವಾಗಲೂ ಒಂದೇ, ತುಳುವಿನಲ್ಲಿ, "ಫೋಟೊ ದೆಪ್ಪೊಡಾ?" ಫೋಟೊ ತೆಗೆಯಲಾ ಅಂತ. ಹೆಚ್ಚಿನವರು "ದೆಪ್ಪುಲೆ", ತೆಗೆಯಿರಿ ಅನ್ನುತ್ತಾರೆ. ಕೆಲವರು ಕೈ ಬೀಸಿ ಬೇಡ ಅನ್ನುತ್ತಾರೆ. ಬೇಡ ಅಂದರೆ ಬೇಡ. ಐಸ್ ತುಂಬುವವರ ಹತ್ತಿರ, ಬಲೆ ಎಳೆಯುವವರ ಹತ್ತಿರ ಕೇಳುವುದೂ ಇಲ್ಲ, ಅಲ್ಲಿ ಒಂದು ಹೆಜ್ಜೆ ತಪ್ಪಿದರೆ ಅವರಿಗೇ ಅಪಾಯ. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗೆ (ಸರಕು ಸಾಗಿಸುವ ದೊಡ್ಡ ದೋಣಿಗೆ) ಸಾಮಾನು ಹೇರುವಾಗಲೂ ಹಾಗೇ, ದೂರ ನಿಂತು ನೋಡಿ ಮುಂದೆ ಓಡುತ್ತೇನೆ.

ಈಗ ಸೆಕೆ, ಬೆವರು, ಮಳೆ. ಕರಾವಳಿಯವರು ಈ ಕ್ಯಾಮೆರಾ ತಗೊಳ್ಳುವ ಮೊದಲು ಇದನ್ನು ಎರಡು ಸಲ ಓದಬೇಕು. ಜಿಆರ್ 3ಕ್ಕೆ ನೀರು, ಧೂಳು ತಡೆಯುವ ಸೀಲ್ ಇಲ್ಲ. ಕಂಪನಿಯೇ ಅದನ್ನು ಮಳೆಗೆ ಮಾಡಿದ ಕ್ಯಾಮೆರಾ ಅಂತ ಎಲ್ಲೂ ಹೇಳಿಲ್ಲ. ನಮ್ಮೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೇಗೆ ಬೀಳುತ್ತದೆ ಅಂತ ಹೇಳಬೇಕಾಗಿಲ್ಲ. ಮಳೆ ಬಿಟ್ಟಿದೆ ಅಂತ ಮನೆ ಬಿಟ್ಟರೆ ಉರ್ವ ತಲುಪುವಷ್ಟರಲ್ಲಿ ಮತ್ತೆ ಸುರಿಯುತ್ತದೆ.

ನಾನು ಮಾಡಿದ್ದು ಹೀಗೆ. ಮಣ್ಣಗುಡ್ಡದ ಒಬ್ಬರು ದರ್ಜಿಯ ಹತ್ತಿರ ಹಳೆ ರೈನ್‌ಕೋಟಿನ ಬಟ್ಟೆಯಲ್ಲಿ ಸೊಂಟಕ್ಕೆ ಕಟ್ಟುವ ಚೀಲ ಹೊಲಿಸಿದೆ. ಒಳಗೆ ತೆಳ್ಳಗಿನ ಸ್ಪಂಜು. ಅಗಲ ಕ್ಯಾಮೆರಾಕ್ಕೆ ಬಿಗಿಯಾಗಿ ಹಿಡಿಯುವಷ್ಟೇ. ಕ್ಯಾಮೆರಾ 11 ಸೆಂ.ಮೀ. ಉದ್ದ, 6 ಸೆಂ.ಮೀ.ಗೆ ಸ್ವಲ್ಪ ಜಾಸ್ತಿ ಎತ್ತರ. ಸಡಿಲ ಇದ್ದರೆ ಪ್ರತಿ ಹೆಜ್ಜೆಗೂ ಹೊಟ್ಟೆಗೆ ಬಡಿಯುತ್ತದೆ. ಮುಂದೆ ಕಟ್ಟಿದರೆ ಬೆವರು ಇಳಿದು ಅಲ್ಲಿಗೇ ಸೇರುತ್ತದೆ, ಹಾಗಾಗಿ ಬಲಬದಿಗೆ, ಸೊಂಟದ ಮೂಳೆಯ ಮೇಲೆ ಕಟ್ಟುತ್ತೇನೆ. ಕ್ಯಾಮೆರಾವನ್ನು ಮೊದಲು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಆಮೇಲೆ ಚೀಲಕ್ಕೆ. ಮಳೆಗಾಲದಲ್ಲಿ ಓಡುವಾಗ ಕ್ಯಾಮೆರಾ ಮನೆಯಲ್ಲೇ. ಮಳೆಯ ಚಿತ್ರ ಬೇಕಾದ ದಿನ ಓಟ ಇಲ್ಲ, ಕೊಡೆ ಹಿಡಿದು ನಡಿಗೆ ಮಾತ್ರ.

ಆ ನಡಿಗೆಗಳೂ ವ್ಯರ್ಥ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಗಲಾಟೆ ಇಲ್ಲ. ಮಾಡಿನ (ಛಾವಣಿಯ) ಕೆಳಗೆ ಬಲೆ ನೇಯುವವರಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಹಸಿರು ನೀಲಿ ನೂಲಿನ ರಾಶಿ, ಅದರ ನಡುವೆ ಒಬ್ಬರ ಕಾಲು ಮಾತ್ರ ಕಾಣುವ ಒಂದು ಚಿತ್ರ ನನ್ನ ವರ್ಷದ ಇಷ್ಟದ ಚಿತ್ರಗಳಲ್ಲಿ ಒಂದು.

ಮನೆಗೆ ಬಂದ ಮೇಲಿನ ಕೆಲಸ ಓಟಕ್ಕಿಂತ ಮುಖ್ಯ. ಮೊದಲು ಒಣ ಹತ್ತಿ ಬಟ್ಟೆಯಿಂದ ಒರೆಸುತ್ತೇನೆ. ಬೆವರಿನಲ್ಲಿ ಉಪ್ಪಿದೆ, ಬಟನ್‌ಗಳ ಸಂದಿನಲ್ಲಿ ಉಳಿದರೆ ಒಳ್ಳೆಯದಲ್ಲ. ಆಮೇಲೆ ಕ್ಯಾಮೆರಾ ಬಿಗಿಯಾದ ಮುಚ್ಚಳದ ಡಬ್ಬಿಗೆ ಹೋಗುತ್ತದೆ. ಡಬ್ಬಿಯ ತಳದಲ್ಲಿ ಸಿಲಿಕಾ ಜೆಲ್, ಕಿತ್ತಳೆ ಬಣ್ಣದ್ದು. ತೇವ ಕುಡಿದ ಹಾಗೆ ಬಣ್ಣ ಕಪ್ಪು ಹಸಿರಿಗೆ ತಿರುಗುತ್ತದೆ. ಆಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಡಬ್ಬಿಯೊಳಗೆ ತೇವ ಅಳೆಯುವ ಸಣ್ಣ ಮೀಟರ್ ಇಟ್ಟಿದ್ದೇನೆ. 40ರಿಂದ 50 ಶೇಕಡಾ ನಡುವೆ ಇರಬೇಕು. 60 ದಾಟಿ ದಿನಗಟ್ಟಲೆ ಉಳಿದರೆ ಫಂಗಸ್ಸಿಗೆ ಅನುಕೂಲ. ತುಂಬ ಒಣಗಿಸುವುದೂ ಬೇಡ, ಅಂಟು ಮತ್ತು ಎಣ್ಣೆ ಹಾಳಾಗಬಹುದು. ಜುಲೈಯಲ್ಲಿ ಡಬ್ಬಿಯ ಹೊರಗೆ ನಮ್ಮ ಕೋಣೆಯಲ್ಲೇ ಮೀಟರ್ 90ರ ಹತ್ತಿರ ತೋರಿಸಿದ ದಿನಗಳಿವೆ. ಹಳೆ ಕ್ಯಾಮೆರಾ ಎರಡು ಮಳೆಗಾಲ ಹೇಗೆ ಉಸಿರಾಡಿತು ಅಂತ ಆಗ ಗೊತ್ತಾಯಿತು. ಇದರ ಲೆನ್ಸಿಗೆ ವಾರಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡುತ್ತೇನೆ. ಇವತ್ತಿನವರೆಗೆ ಒಂದು ಎಳೆಯೂ ಕಂಡಿಲ್ಲ.

ಇನ್ನೊಂದು. ಏಸಿ ಇರುವ ಕೋಣೆಯಿಂದ ಕ್ಯಾಮೆರಾವನ್ನು ನೇರವಾಗಿ ಹೊರಗೆ ತರಬೇಡಿ. ತಣ್ಣಗಿನ ಗಾಜಿನ ಮೇಲೆ ನಮ್ಮ ಗಾಳಿ ತಕ್ಷಣ ಮಂಜಾಗುತ್ತದೆ. ಕವರಿನೊಳಗೇ ಇಟ್ಟು ಇಪ್ಪತ್ತು ನಿಮಿಷ ಬಿಟ್ಟರೆ ಸಾಕು.

ಬ್ಯಾಟರಿ ಚಿಕ್ಕದು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 200 ಚಿತ್ರ ಅಂತ ಕಂಪನಿಯ ಲೆಕ್ಕ. ಒಂದು ಓಟಕ್ಕೆ ನಾನು ತೆಗೆಯುವುದು 30, 40. ನನಗೆ ಧಾರಾಳ. ದಸರಾ ಸಮಯದಲ್ಲಿ ಕುದ್ರೋಳಿಯಲ್ಲಿ ಇಡೀ ಸಂಜೆ ಪಿಲಿವೇಷದ (ಹುಲಿವೇಷದ) ಹಿಂದೆ ಹೋಗುವವರಿಗೆ ಸಾಲದು, ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ. ಫೋನಿನ ಯುಎಸ್‌ಬಿ-ಸಿ ಕೇಬಲಿನಲ್ಲೇ ಚಾರ್ಜ್ ಆಗುತ್ತದೆ, ಅದೊಂದು ಸುಖ. ಕಾರ್ಡ್ ಮರೆತ ದಿನ ಒಳಗಿನ 2 ಜಿಬಿ ಮೆಮೊರಿ ಒಮ್ಮೆ ಕೈ ಹಿಡಿದಿದೆ.

ಬಣ್ಣ. ಪಾಸಿಟಿವ್ ಫಿಲ್ಮ್ ಅನ್ನುವ ಬಣ್ಣದ ಮೋಡನ್ನು ಎಲ್ಲರೂ ಹೊಗಳುತ್ತಾರೆ. ನನಗೂ ಇಷ್ಟ, ಆದರೆ ನಮ್ಮೂರಿನಲ್ಲಿ ಅದಕ್ಕೆ ಸ್ವಲ್ಪ ಕಡಿವಾಣ ಬೇಕು. ಇಲ್ಲಿ ಕೆಂಪು ಮೊದಲೇ ಜಾಸ್ತಿ. ಮುರಕಲ್ಲು ಕೆಂಪು, ಮಣ್ಣು ಕೆಂಪು, ಹೆಂಚು ಕೆಂಪು. ಭಾನುವಾರ ಮಾತ್ರ ನಾನು ಬಸ್ಸಿನಲ್ಲಿ ಮೋರ್ಗನ್ಸ್ ಗೇಟಿಗೆ ಹೋಗಿ ಜೆಪ್ಪುವಿನ ಇಳಿಜಾರುಗಳಲ್ಲಿ ನೇತ್ರಾವತಿಯ ಕಡೆ ಓಡುತ್ತೇನೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ಜೆಪ್ಪುವಿನಲ್ಲಿ. ಹೊಳೆಯ ಮಣ್ಣು ಬೆಂದು ಊರಿನ ಮಾಡಾಯಿತು. ಆ ಕಡೆ ಏರಿನ ಮೇಲೆ ನಿಂತರೆ ಕೆಳಗೆ ತೆಂಗಿನ ನಡುವೆ ಹಳೆ ಹೆಂಚಿನ ಮಾಡುಗಳು ಕಾಣುತ್ತವೆ. ಒಂದೊಂದು ಮಾಡಿಗೆ ಒಂದೊಂದು ಕೆಂಪು. ಹೊಸತು ಕಿತ್ತಳೆ, ಹಳೆಯದು ಕಪ್ಪು, ಮಳೆ ಮುಗಿದಾಗ ಪಾಚಿಯ ಹಸಿರು. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಎರಡು ಮೆಟ್ಟಿಲು ಇಳಿಸಿದರೆ ಈ ವ್ಯತ್ಯಾಸ ಉಳಿಯುತ್ತದೆ. ಇಳಿಸದಿದ್ದರೆ ಎಲ್ಲ ಮಾಡುಗಳೂ ಒಂದೇ ಕೆಂಪಾಗಿಬಿಡುತ್ತವೆ. ಅದು ನನಗೆ ಸರಿ ಕಾಣುವುದಿಲ್ಲ. ಆ ಹೆಂಚುಗಳು ದಿನಾ ಕಡಿಮೆ ಆಗುತ್ತಿವೆ. ಇರುವಷ್ಟನ್ನು ಇರುವ ಬಣ್ಣದಲ್ಲೇ ಇಟ್ಟುಕೊಳ್ಳಬೇಕು ಅಂತ ನನ್ನ ಆಸೆ.

ಯಾರು ತಗೊಳ್ಳಬಾರದು ಅಂತಲೂ ಹೇಳುತ್ತೇನೆ. ಹಕ್ಕಿ, ಕಂಬಳ, ಮಕ್ಕಳ ಕ್ರೀಡಾಕೂಟ ತೆಗೆಯುವವರಿಗೆ ಇದು ಅಲ್ಲ. 28 ಮಿ.ಮೀ. ತುಂಬ ಅಗಲ ಅನಿಸಿದರೆ 2021ರಲ್ಲಿ ಬಂದ ಜಿಆರ್ 3ಎಕ್ಸ್ ನೋಡಿ, ಅದರದ್ದು 40 ಮಿ.ಮೀ. ನೋಟ. ಆದರೆ ಓಡುತ್ತಾ ತೆಗೆಯಲು ಅಗಲವೇ ಸುಲಭ, ಫೋಕಸ್ ಲೆಕ್ಕದಲ್ಲೂ ಚೌಕಟ್ಟಿನಲ್ಲೂ ತಪ್ಪಿಗೆ ಜಾಗ ಇರುತ್ತದೆ. ಜೋರು ಮಳೆಯಲ್ಲೇ ಓಡಿ ಜೋರು ಮಳೆಯಲ್ಲೇ ತೆಗೆಯಬೇಕು ಅನ್ನುವವರು ನೀರು ತಡೆಯುವ ಬೇರೆ ಕ್ಯಾಮೆರಾ ನೋಡಬೇಕು. ವೇಗದ ಓಟಗಾರರಿಗೂ ನಾನು ಹೇಳುವುದಿಲ್ಲ. ನನ್ನ 10 ಕಿ.ಮೀ. ಈಗ ಮೊದಲಿಗಿಂತ ಏಳೆಂಟು ನಿಮಿಷ ಜಾಸ್ತಿ ಹಿಡಿಯುತ್ತದೆ. ಆ ಏಳೆಂಟು ನಿಮಿಷದಲ್ಲಿ ಊರಿನ ಎಷ್ಟು ಜನರ ಪರಿಚಯ ಆಗಿದೆ ಅಂತ ನೋಡಿದರೆ ನನಗೆ ಬೇಸರವೇ ಇಲ್ಲ.

ನವೆಂಬರಿನಲ್ಲಿ ದಕ್ಕೆಯಲ್ಲಿ ಒಬ್ಬರು ಮೀನು ಮಾರುವ ಅಕ್ಕನ ಚಿತ್ರ ತೆಗೆದೆ. ತಲೆಯ ಮೇಲೆ ಸಿಂಬೆ, ಕೈಯಲ್ಲಿ ಖಾಲಿ ಬುಟ್ಟಿ, ಹಿಂದೆ ದೋಣಿಗಳ ಸಾಲು. ಎಫ್/8, ಎರಡೂವರೆ ಮೀಟರ್. ಕಾಪಿ ಬೇಕು ಅಂತ ಅಲ್ಲೇ ಕೇಳಿದರು. ನಾನು ಯಾವಾಗಲೂ ಚಿಕ್ಕ ಪ್ರಿಂಟ್ ಕೊಡುತ್ತೇನೆ, 4x6ರದ್ದು. ಈ ಚಿತ್ರ ನನಗೇ ಇಷ್ಟವಾದ್ದರಿಂದ 12x18ಕ್ಕೆ ಮಾಡಿಸಿದೆ. 24 ಮೆಗಾಪಿಕ್ಸೆಲಿಗೆ ಅದು ಕಷ್ಟವೇ ಅಲ್ಲ, ಸೀರೆಯ ಅಂಚಿನ ನೂಲು ಸಹ ಕಾಣುತ್ತದೆ. ಅದನ್ನು ಸುರುಳಿ ಸುತ್ತಿ, ಓಡದೆ ಮೆಲ್ಲ ನಡೆದುಕೊಂಡೇ ದಕ್ಕೆಗೆ ಹೋದೆ.

ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದರು. ತಮ್ಮ ಮುಖವನ್ನು ಹೆಚ್ಚು ಹೊತ್ತು ನೋಡಲಿಲ್ಲ. ಎಡಬದಿಗೆ, ಹಿಂದೆ, ಮೂರನೇ ದೋಣಿಯ ಮೂತಿಯ ಹತ್ತಿರ ಬೆರಳು ಇಟ್ಟರು. ಅಲ್ಲಿ ಹಳದಿ ಬನಿಯನ್ ಹಾಕಿದ ಒಬ್ಬ ಹುಡುಗ ಹಗ್ಗ ಸುತ್ತುತ್ತಿದ್ದ. ಉಗುರಿನಷ್ಟೇ ದೊಡ್ಡ ಮುಖ, ಆದರೆ ಸ್ಪಷ್ಟ. ಅವರ ಮಗ. ಆ ದಿನ ಮೊದಲ ಸಲ ಕಡಲಿಗೆ ಹೋಗಿ ಬಂದಿದ್ದನಂತೆ. ಚಿತ್ರ ತೆಗೆಯುವಾಗ ನಾನು ಅವನನ್ನು ನೋಡಿಯೇ ಇರಲಿಲ್ಲ.